ಮೇಲ್‌ಚಿಂಪ್‌ನಿಂದ ಲಿಸ್ಟ್‌ಮಾಂಕ್‌ಗೆ ಹೋಗ್ತಿದ್ದೀನಿ, ಸಬ್‌ಸ್ಕ್ರೈಬರ್ ಸಿಎಸ್‌ವಿ ಒಂದು ತಗೊಂಡ್ರೆ ಸಾಕಾ?

ನೀವು ಕೇಳಿರೋದು ಇಷ್ಟು: ಕನ್ನಡ ಪುಸ್ತಕಗಳ ಬಗ್ಗೆ ವಾರಕ್ಕೊಂದು ನ್ಯೂಸ್‌ಲೆಟರ್ ಕಳಿಸ್ತೀರ, ಸುಮಾರು 4,000 ಜನ ಓದುಗರಿದ್ದಾರೆ, ಅದನ್ನ ಕಳಿಸೋ ಮೇಲ್‌ಚಿಂಪ್ ಸೇವೆಯ ಬಿಲ್ ಭಾರ ಆಗ್ತಿದೆ, ನ್ಯೂಸ್‌ಲೆಟರ್ ಸಾಫ್ಟ್‌ವೇರ್ ಲಿಸ್ಟ್‌ಮಾಂಕ್ ನೀವೇ ಹಾಕ್ಕೊಂಡು ಅಮೆಜಾನ್‌ನ ಮೇಲ್ ಕಳಿಸೋ ಸೇವೆ ಎಸ್‌ಇಎಸ್ ಮೂಲಕ ಕಳಿಸೋಣ ಅಂತಿದ್ದೀರ, ಇಲ್ಲಿಂದ ಓದುಗರ ಪಟ್ಟಿಯ ಸಿಎಸ್‌ವಿ (ಕಾಲಂಗಳನ್ನ ಕಾಮಾದಿಂದ ಬೇರೆ ಮಾಡಿದ ಸಾದಾ ಫೈಲ್) ಇಳಿಸಿ ಅಲ್ಲಿ ಏರಿಸಿದ್ರೆ ಮುಗೀತಾ ಅಂತ. ಮುಗಿಯಲ್ಲ. ನಾನು ಒಂದು ಸಣ್ಣ ಪ್ರಕಾಶನದ ಮೇಲ್ ಕೆಲಸ ನೋಡ್ಕೊಳ್ತೀನಿ, ನಮ್ಮ ಲಿಸ್ಟ್ ಬಂದಿದ್ದೂ ಇದೇ ದಾರೀಲಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೇಲ್‌ಚಿಂಪ್‌ನಲ್ಲಿ ಪೂರ್ತಿ ಆಡಿಯೆನ್ಸ್ (ಓದುಗರ ಪಟ್ಟಿ) ಎಕ್ಸ್‌ಪೋರ್ಟ್ ಕೊಟ್ರೆ ಒಂದು ಜಿಪ್ ಬರತ್ತೆ, ಅದ್ರೊಳಗೆ ಸಬ್‌ಸ್ಕ್ರೈಬ್ಡ್, ಅನ್‌ಸಬ್‌ಸ್ಕ್ರೈಬ್ಡ್, ಕ್ಲೀನ್ಡ್ ಅಂತ ಬೇರೆ ಬೇರೆ ಫೈಲ್ ಇರತ್ತೆ. ತುಂಬಾ ಜನ ಮೊದಲನೇ ಫೈಲ್ ಎತ್ಕೊಂಡು ಉಳಿದಿದ್ದನ್ನ ಅಲ್ಲೇ ಬಿಟ್ಟು ಬರ್ತಾರೆ. ನನ್ನ ಕೇಳಿದ್ರೆ ಜೋಪಾನವಾಗಿ ತರಬೇಕಾಗಿರೋದೇ ಆ ಉಳಿದ ಎರಡು. ಯಾಕಂದ್ರೆ ಬೇಡ ಅಂದವರು ಯಾರು ಅನ್ನೋದು ಹೊಸ ಸಿಸ್ಟಮ್‌ಗೆ ಗೊತ್ತೇ ಇರಲ್ಲ, ಆರು ತಿಂಗಳಾದ್ಮೇಲೆ ಯಾರೋ ಯಾವುದೋ ಪುಸ್ತಕ ಮೇಳದಲ್ಲಿ ಬರೆಸ್ಕೊಂಡಿದ್ದ ಹಳೇ ಶೀಟ್ ತಂದು ಅಪ್‌ಲೋಡ್ ಮಾಡ್ತಾರೆ, ಎಂದೋ ಬಿಟ್ಟು ಹೋದವರಿಗೆ ಮತ್ತೆ ಪತ್ರ ಹೋಗತ್ತೆ, ಅವರು ಸಿಟ್ಟಲ್ಲಿ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಎಸ್‌ಇಎಸ್‌ನಲ್ಲಿ ಸ್ಪ್ಯಾಮ್ ದೂರು 0.1% ಮುಟ್ಟಿದ್ರೆ ಅಕೌಂಟ್ ಪರಿಶೀಲನೆಗೆ ಹೋಗ್ಬಹುದು, 0.5% ದಾಟಿದ್ರೆ ಕಳಿಸೋದನ್ನೇ ನಿಲ್ಲಿಸ್ಬಹುದು. ನಿಮ್ಮ 4,000 ಜನರಲ್ಲಿ 0.1% ಅಂದ್ರೆ ಬರೀ ನಾಲ್ಕು ಜನ! ಕ್ಲೀನ್ಡ್ ಫೈಲಲ್ಲಿರೋದು ಬೌನ್ಸ್ ಆಗಿ, ಅಂದ್ರೆ ಮೇಲ್ ತಲುಪದೆ ವಾಪಸ್ ಬಂದು, ಸತ್ತುಹೋದ ಅಡ್ರೆಸ್‌ಗಳು, ಅವಕ್ಕೆ ಕಳಿಸ್ತಾ ಹೋದ್ರೆ ಬೌನ್ಸ್ 5%ಕ್ಕೆ ಪರಿಶೀಲನೆ, 10%ಕ್ಕೆ ನಿಲ್ಲಿಸೋ ಸಾಧ್ಯತೆ. ಈ ಲೆಕ್ಕಾಚಾರ ಎಲ್ಲ ಬಿಟ್ರೂ, ಒಬ್ಬರು ಒಂದ್ಸಲ ಬೇಡ ಅಂದ್ಮೇಲೆ ನಾವು ಸಾಫ್ಟ್‌ವೇರ್ ಬದಲಾಯಿಸಿದ್ವಿ ಅನ್ನೋದು ಅವರ ತಲೆನೋವಲ್ಲ, ಆ ಮಾತನ್ನ ಉಳಿಸ್ಕೊಳ್ಳೋ ಜವಾಬ್ದಾರಿ ನಮ್ದು.

ಲಿಸ್ಟ್‌ಮಾಂಕ್‌ನಲ್ಲಿ ಇದು ಸುಲಭ. ಇಂಪೋರ್ಟ್ ಪೇಜಲ್ಲಿ ಎರಡು ಮೋಡ್ ಇದೆ, ಸಬ್‌ಸ್ಕ್ರೈಬ್ ಮತ್ತೆ ಬ್ಲಾಕ್‌ಲಿಸ್ಟ್ (ಇವರಿಗೆ ಕಳಿಸ್ಲೇಬೇಡ ಅನ್ನೋ ಗುರುತು). ಆ ಎರಡು ಫೈಲನ್ನ ಬ್ಲಾಕ್‌ಲಿಸ್ಟ್ ಮೋಡಲ್ಲಿ ಹಾಕಿ, ಆಮೇಲೆ ಒಂದು ಅಡ್ರೆಸ್ ಹುಡುಕಿ ನೋಡಿ, ಬ್ಲಾಕ್‌ಲಿಸ್ಟೆಡ್ ಅಂತ ತೋರಿಸ್ಬೇಕು. (ಲಿಸ್ಟ್‌ಮಾಂಕ್ ನಮ್ಮ ಬೆಂಗಳೂರಿನ ಷೇರು ಬ್ರೋಕರ್ ಕಂಪನಿ ಜೆರೋಧಾದ ಕೈಲಾಶ್ ನಾಧ್ ಬರೆದಿದ್ದು, ಓಪನ್ ಸೋರ್ಸ್. ನಮ್ಮೂರಲ್ಲೇ ಹುಟ್ಟಿದ ಇಂಥ ಗಟ್ಟಿ ಸಾಫ್ಟ್‌ವೇರನ್ನ ಕನ್ನಡದ ಕೆಲಸಕ್ಕೆ ಬಳಸೋದು ನಂಗೆ ತುಂಬಾ ಖುಷಿ.)

ಇನ್ನು ಸಬ್‌ಸ್ಕ್ರೈಬ್ಡ್ ಫೈಲ್. ದಯವಿಟ್ಟು ಅದನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೀಬೇಡಿ. ಓದುಗರು ಹೆಸರನ್ನ ಕನ್ನಡದಲ್ಲೇ ಬರೆದಿದ್ರೆ ಎಕ್ಸೆಲ್ ಅದನ್ನ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸೋ ಎನ್‌ಕೋಡಿಂಗ್) ಅಂತ ಗುರುತಿಸದೆ ಅರ್ಥವಾಗದ ಚಿಹ್ನೆಗಳ ಸಾಲು ಮಾಡಿಬಿಡತ್ತೆ, ಹಾಗೇ ಸೇವ್ ಮಾಡಿದ್ರೆ ಹೆಸರೆಲ್ಲ ಹಾಳು, ತಾರೀಕಲ್ಲಿ ದಿನ ತಿಂಗಳೂ ಅದಲು ಬದಲಾಗ್ಬಹುದು. ಗೂಗಲ್ ಶೀಟ್ಸ್‌ಗೆ ಇಂಪೋರ್ಟ್ ಮಾಡಿ ಕೆಲಸ ಮಾಡಿ, ಅಲ್ಲಿಂದಲೇ ಸಿಎಸ್‌ವಿ ಇಳಿಸ್ಕೊಳ್ಳಿ. ಲಿಸ್ಟ್‌ಮಾಂಕ್ ಕೇಳೋದು ಮೂರೇ ಕಾಲಂ: ಇಮೇಲ್, ಹೆಸರು, ಆಟ್ರಿಬ್ಯೂಟ್ಸ್. ಮೂರನೇದು ಜೇಸನ್ ರೂಪದಲ್ಲಿರ್ಬೇಕು (ಪ್ರತಿ ಮಾಹಿತಿಗೂ ಒಂದು ಹೆಸರು, ಅದರ ಬೆಲೆ ಅಂತ ಬರೆಯೋ ರೀತಿ), ಊರು, ಟ್ಯಾಗ್, ಆಸಕ್ತಿ ಎಲ್ಲ ಅದ್ರೊಳಗೆ ಹೋಗತ್ತೆ. ಟೆಕ್ಸ್ಟ್ ಎಡಿಟರ್‌ನಲ್ಲಿ ಕೈಯಲ್ಲೇ ಬರೆಯೋದಾದ್ರೆ ಸಿಎಸ್‌ವಿ ಒಳಗಿನ ಜೇಸನ್‌ನಲ್ಲಿ ಪ್ರತಿ ಡಬಲ್ ಕೋಟನ್ನೂ ಎರಡೆರಡು ಸಲ ಹಾಕ್ಬೇಕು, ಒಂದು ಬಿಟ್ರೂ ಆ ಸಾಲು ಕೆಡತ್ತೆ, ಶೀಟ್ಸ್ ಆದ್ರೆ ಅದೇ ನೋಡ್ಕೊಳತ್ತೆ. ಮೇಲ್‌ಚಿಂಪ್ ಫೈಲಲ್ಲಿ ಆಪ್ಟ್‌ಇನ್ ಟೈಮ್, ಕನ್ಫರ್ಮ್ ಟೈಮ್ ಅಂತ ಕಾಲಂ ಇರತ್ತೆ, ಯಾರು ಯಾವಾಗ ಒಪ್ಪಿಗೆ ಕೊಟ್ರು ಅನ್ನೋದಕ್ಕೆ ನಿಮ್ಮ ಹತ್ರ ಇರೋ ಸಾಕ್ಷಿ ಅದೇ, ಅದನ್ನೂ ಆಟ್ರಿಬ್ಯೂಟ್ಸ್‌ಗೆ ಸೇರಿಸಿ. ಮತ್ತೆ ನಿಮ್ಮ ಹೊಸ ಲಿಸ್ಟ್ ಡಬಲ್ ಆಪ್ಟ್‌ಇನ್ (ಸೇರಿದವರು ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಮತ್ತೊಮ್ಮೆ ಒಪ್ಬೇಕಾದ ಥರ) ಆಗಿದ್ರೆ ಇಂಪೋರ್ಟ್ ಮಾಡ್ವಾಗ ಸ್ಟೇಟಸ್ ಕನ್ಫರ್ಮ್ಡ್ ಅಂತ ಕೊಡಿ, ಇಲ್ಲಾಂದ್ರೆ ಎಲ್ರೂ ಲಿಸ್ಟಲ್ಲಿ ಕಾಣ್ತಾರೆ ಆದ್ರೆ ಯಾರಿಗೂ ಮೇಲ್ ಹೋಗಲ್ಲ. ಎಲ್ಲರನ್ನೂ ಇನ್ನೊಮ್ಮೆ ಕನ್ಫರ್ಮ್ ಮಾಡಿ ಅಂತ ಕೇಳೋದು ಬೇಡ, ಆಗಲೇ ಒಪ್ಪಿರೋರನ್ನ ಮತ್ತೆ ಕೇಳಿದ್ರೆ ಪ್ರೀತಿಯಿಂದ ಓದೋರೂ ಆ ಮೇಲ್ ನೋಡದೆ ಕಳೆದುಹೋಗ್ತಾರೆ.

ಡೊಮೇನ್ ವಿಷಯ ಬೇಗ ಹೇಳ್ತೀನಿ. ಫ್ರಮ್ ಅಡ್ರೆಸ್ ಜಿಮೇಲ್‌ದಾಗಿದ್ರೆ ಮೊದಲು ಸ್ವಂತ ಡೊಮೇನ್‌ಗೆ ಬನ್ನಿ. ಎಸ್‌ಇಎಸ್ ಕೊಡೋ ಡಿಕಿಮ್ ರೆಕಾರ್ಡ್‌ಗಳನ್ನ (ಮೇಲ್‌ಗೆ ಡೊಮೇನ್‌ನ ಸಹಿ) ಡಿಎನ್‌ಎಸ್‌ಗೆ, ಅಂದ್ರೆ ಡೊಮೇನ್‌ನ ಸೆಟ್ಟಿಂಗ್ಸ್‌ಗೆ ಹಾಕಿ, ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಮೇಲನ್ನ ಏನ್ಮಾಡ್ಬೇಕು ಅನ್ನೋ ಸೂಚನೆ) ಒಂದು ಇರಲಿ, ಎಸ್‌ಪಿಎಫ್ (ಯಾವ ಸರ್ವರ್ ನಿಮ್ಮ ಹೆಸರಲ್ಲಿ ಕಳಿಸ್ಬಹುದು ಅನ್ನೋ ಪಟ್ಟಿ) ರೆಕಾರ್ಡ್ ಒಂದು ಡೊಮೇನ್‌ಗೆ ಒಂದೇ ಇರ್ಬೇಕು, ಎರಡನೇದು ಸೇರಿಸಿದ್ರೆ ಎರಡೂ ಕೆಲಸ ಮಾಡಲ್ಲ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸೋರಿಗೆ 2024ರ ಫೆಬ್ರವರಿಯಿಂದ ಇವೆಲ್ಲ ಕಡ್ಡಾಯ, ನೀವು ಆ ಮಿತಿಗಿಂತ ಕೆಳಗಿದ್ರೂ ಮಾಡಿಟ್ಕೊಳ್ಳಿ. ಎಸ್‌ಇಎಸ್ ಹೊಸ ಅಕೌಂಟ್ ಸ್ಯಾಂಡ್‌ಬಾಕ್ಸ್ ಅನ್ನೋ ಪರೀಕ್ಷಾ ಹಂತದಲ್ಲಿರತ್ತೆ, 24 ಗಂಟೆಗೆ 200 ಮೇಲ್, ಅದೂ ವೆರಿಫೈ ಆದ ಅಡ್ರೆಸ್‌ಗೆ ಮಾತ್ರ, ಅದಕ್ಕೆ ಈ ಮಿತಿ ತೆಗೆಯೋ ಪ್ರೊಡಕ್ಷನ್ ಆಕ್ಸೆಸ್‌ಗೆ ಮೊದಲೇ ಅರ್ಜಿ ಹಾಕಿ.

ಮೊದಲನೇ ವಾರಾನೇ 4,000 ಜನರಿಗೂ ಒಟ್ಟಿಗೆ ಕಳಿಸ್ಬೇಡಿ. ಇತ್ತೀಚೆಗೆ ಲಿಂಕ್ ಕ್ಲಿಕ್ ಮಾಡಿದವರಿಂದ ಶುರು ಮಾಡಿ, ವಾರ ವಾರ ಹಿಗ್ಗಿಸ್ತಾ ಹೋಗಿ, ಉಳಿದವರಿಗೆ ಅಲ್ಲಿವರೆಗೂ ಹಳೇ ಕಡೆಯಿಂದಲೇ ಹೋಗ್ತಿರಲಿ. ಓಪನ್ ರೇಟ್ (ಎಷ್ಟು ಜನ ಮೇಲ್ ತೆರೆದ್ರು ಅನ್ನೋ ಲೆಕ್ಕ) ನಂಬ್ಕೋಬೇಡಿ, 2021ರಲ್ಲಿ ಆಪಲ್ ಮೇಲ್ ಪ್ರೈವಸಿ ಪ್ರೊಟೆಕ್ಷನ್ ತಂದ್ಮೇಲೆ ಓದದೇ ಇರೋ ಮೇಲೂ ಓಪನ್ ಅಂತ ಲೆಕ್ಕಕ್ಕೆ ಬರತ್ತೆ. ಯಾರು ಯಾವ ಪತ್ರದಲ್ಲಿ ಕ್ಲಿಕ್ ಮಾಡಿದ್ರು ಅನ್ನೋ ಇತಿಹಾಸ ಸಬ್‌ಸ್ಕ್ರೈಬ್ಡ್ ಫೈಲಲ್ಲಿ ಬರಲ್ಲ, ಬರೋದು ಮೆಂಬರ್ ರೇಟಿಂಗ್ ಅನ್ನೋ ಒಂದು ಕಾಲಂ ಅಷ್ಟೇ, ಅದಕ್ಕೆ ಅಕೌಂಟ್ ಇರೋವಾಗಲೇ ಕ್ಲಿಕ್ ಮಾಡಿದವರ ಸೆಗ್ಮೆಂಟ್ (ಪ್ರತ್ಯೇಕ ಗುಂಪು) ಮಾಡಿ ಪ್ರತ್ಯೇಕ ಎಕ್ಸ್‌ಪೋರ್ಟ್ ತೆಗೀರಿ.

ವೆಲ್‌ಕಮ್ ಮೇಲ್, ಟೆಂಪ್ಲೇಟ್ ಎಲ್ಲ ಹೊಸದಾಗೇ ಮಾಡ್ಬೇಕು. ಹೆಸರು ತುಂಬೋ ಗುರುತುಗಳು ಒಂದೊಂದು ಕಡೆ ಒಂದೊಂದು ಥರ ಇರತ್ತೆ, ಹಳೇ ಟೆಂಪ್ಲೇಟ್ ಹಾಗೇ ಅಂಟಿಸಿದ್ರೆ ಓದುಗರ ಹೆಸರಿನ ಜಾಗದಲ್ಲಿ ಕೋಡ್ ಕಾಣತ್ತೆ, ನಿಮಗೇ ಒಂದು ಟೆಸ್ಟ್ ಕಳಿಸ್ಕೊಂಡು ನೋಡಿ. ವೆಬ್‌ಸೈಟಲ್ಲಿರೋ ಸೈನ್‌ಅಪ್ ಫಾರಂ ಅದೇ ದಿನ ಬದಲಾಯಿಸಿ, ಇಲ್ಲಾಂದ್ರೆ ಹೊಸಬರು ಹಳೇ ಲಿಸ್ಟ್‌ಗೇ ಸೇರ್ತಾ ಇರ್ತಾರೆ.

ಹಳೇ ಅಕೌಂಟನ್ನ ಕೊನೇ ಪತ್ರ ಹೋದ್ಮೇಲೂ ಒಂದೆರಡು ತಿಂಗಳು ಇಟ್ಕೊಳ್ಳಿ, ಜನ ಹಳೇ ಮೇಲ್ ತೆಗೆದು ಅದ್ರಲ್ಲಿರೋ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತುತ್ತಾರೆ, ಅದು ಹೋಗಿ ಕೂರೋದು ಅಲ್ಲೇ. ನಾನು ವಾರಕ್ಕೊಮ್ಮೆ ಅಲ್ಲಿಂದ ಅನ್‌ಸಬ್‌ಸ್ಕ್ರೈಬ್ಡ್ ಫೈಲ್ ತೆಗೆದು ಇಲ್ಲಿ ಬ್ಲಾಕ್‌ಲಿಸ್ಟ್‌ಗೆ ಹಾಕ್ತಿದ್ದೆ, ಹೊಸ ಹೆಸರು ಬರೋದು ನಿಂತ್ಮೇಲೆ ಅಕೌಂಟ್ ಮುಚ್ಚಿದ್ವಿ.