ಗೀಸರ್‌ನಿಂದ ಹೊರಬಂದ ಆ ಕಡ್ಡಿ ಯಾವುದು?

ಪ್ರಶ್ನೆ: ನಮ್ಮ 15 ಲೀಟರ್ ಗೀಸರ್‌ನಲ್ಲಿ ನೀರು ಸರಿಯಾಗಿ ಕಾಯುತ್ತಿರಲಿಲ್ಲ. ರಿಪೇರಿಗೆ ಬಂದವರು ತಳದ ಪ್ಲೇಟ್ ಬಿಚ್ಚಿ ಕಾಯಿಲ್ ಬದಲಿಸಿದರು. ಕಾಯಿಲ್ ಪಕ್ಕ ಇನ್ನೊಂದು ಕಡ್ಡಿ ಇತ್ತು. ಅಗಿದು ಬಿಟ್ಟ ಕಬ್ಬಿನ ಜಲ್ಲೆಯ ಹಾಗಿದೆ. ಮೈಯೆಲ್ಲ ಬಿಳಿ ಸುಣ್ಣ, ತುದಿಯಲ್ಲಿ ತಂತಿ ಕಾಣುತ್ತಿದೆ. ‘ಇದು ಹಾಳಾಗಿದೆ, ಬೇಡ ಬಿಡಿ’ ಎಂದು ಪಕ್ಕಕ್ಕಿಟ್ಟು, ತೂತಿಗೆ ಬೋಲ್ಟ್ ಬಿಗಿದು ಹೋದರು. ಈಗ ನೀರು ಚೆನ್ನಾಗಿ ಕಾಯುತ್ತಿದೆ. ಕಡ್ಡಿಯನ್ನು ಅಂಗಡಿಗಳಲ್ಲಿ ತೋರಿಸಿದೆ, ಏನೆಂದು ಯಾರೂ ಹೇಳಲಿಲ್ಲ. ನಮ್ಮದು ಬೋರ್‌ವೆಲ್ ನೀರು. ಇದನ್ನು ಎಸೆಯಲೇ?
– ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಎಸೆಯಬೇಡಿ. ಅದು ಆನೋಡ್ ರಾಡ್. ಸಾಮಾನ್ಯವಾಗಿ ಮೆಗ್ನೀಷಿಯಂ ಲೋಹದ್ದು, ನಡುವೆ ಒಂದು ಉಕ್ಕಿನ ತಂತಿ ಇರುತ್ತದೆ. ನೀರು ಕಾಯಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿಯೇ ಅದನ್ನು ತೆಗೆದ ಮೇಲೂ ನಿಮ್ಮ ಗೀಸರ್ ಚೆನ್ನಾಗಿ ನಡೆಯುತ್ತಿದೆ. ತೊಂದರೆ ಕಾಣುವುದು ಆಮೇಲೆ, ಟ್ಯಾಂಕ್ ತೂತಾದಾಗ.

ಸಾಮಾನ್ಯ ಗೀಸರ್‌ನ ಟ್ಯಾಂಕ್ ಉಕ್ಕಿನದು. ಒಳಗೆ ಗಾಜಿನಂಥ ಲೇಪ ಇರುತ್ತದೆ. ಲೇಪ ಎಷ್ಟೇ ಚೆನ್ನಾಗಿದ್ದರೂ ಬೆಸುಗೆಯ ಅಂಚಿನಲ್ಲೋ ಮೂಲೆಯಲ್ಲೋ ಕಣ್ಣಿಗೆ ಕಾಣದ ಸಣ್ಣ ತೂತುಗಳು ಉಳಿದಿರುತ್ತವೆ. ಬಿಸಿನೀರು ಅಲ್ಲಿಂದಲೇ ಉಕ್ಕನ್ನು ತಿನ್ನಲು ಶುರು ಮಾಡುತ್ತದೆ. ಮೆಗ್ನೀಷಿಯಂ ಉಕ್ಕಿಗಿಂತ ಬೇಗ ಕರಗುವ ಲೋಹ. ಎರಡೂ ಒಂದಕ್ಕೊಂದು ತಗುಲಿಕೊಂಡು ಒಂದೇ ನೀರಿನಲ್ಲಿದ್ದರೆ ಮೊದಲು ಸವೆಯುವುದು ಮೆಗ್ನೀಷಿಯಂ. ಅದು ಇರುವವರೆಗೆ ಉಕ್ಕು ಬಚಾವ್. 1824ರಲ್ಲಿ ಇಂಗ್ಲಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಇದೇ ಉಪಾಯದಿಂದ ಇಂಗ್ಲೆಂಡಿನ ಹಡಗುಗಳ ತಳದ ತಾಮ್ರದ ಹೊದಿಕೆಯನ್ನು ಉಳಿಸಲು ನೋಡಿದ್ದ. ಇವತ್ತಿಗೂ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ.

ಅಂದರೆ ನಿಮ್ಮ ರಾಡ್ ಹಾಳಾಗಿಲ್ಲ, ತನ್ನ ಕೆಲಸ ಮುಗಿಸಿದೆ. ಅದರ ಜಾಗಕ್ಕೆ ಹೊಸದು ಬರಬೇಕಿತ್ತು, ಬೋಲ್ಟ್ ಬಂದಿದೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕಾಯಿಲ್, ಥರ್ಮೋಸ್ಟಾಟ್ ಹೋದರೆ ಬೇರೆ ಹಾಕಬಹುದು. ಟ್ಯಾಂಕ್ ಸೋರಿದರೆ ಇಡೀ ಗೀಸರ್ ಗುಜರಿಗೆ. ಕೆಲವು ನೂರು ರೂಪಾಯಿಯ ಕಡ್ಡಿ ಹಾಕದೆ ಸಾವಿರಾರು ರೂಪಾಯಿಯ ಗೀಸರ್ ಕಳೆದುಕೊಳ್ಳುವವರನ್ನು ನನ್ನ ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ.

ಅದು ಮೆಗ್ನೀಷಿಯಮ್ಮೇ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಕೈಯಲ್ಲಿ ಹಿಡಿದು ನೋಡಿ, ಅಷ್ಟೇ ಗಾತ್ರದ ಕಬ್ಬಿಣಕ್ಕಿಂತ ತುಂಬಾ ಹಗುರ. ಆಮೇಲೆ ಒಂದು ಕಡೆ ಹಳೆಯ ಚಾಕುವಿನಿಂದ ಸುಣ್ಣವನ್ನು ಪೂರ್ತಿ ಕೆರೆದು, ಬೆಳ್ಳಗೆ ಹೊಳೆಯುವ ಲೋಹ ಕಾಣುವ ಹಾಗೆ ಮಾಡಿ. ಅಲ್ಲಿಗೆ ಎರಡು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದರೆ ಮೆಗ್ನೀಷಿಯಂ. ಅಲ್ಯೂಮಿನಿಯಂ ಆದರೆ ಹೀಗೆ ತಕ್ಷಣ ಗುಳ್ಳೆ ಬರುವುದಿಲ್ಲ. ಕೆರೆಯದೆ ಹನಿ ಬಿಡಬೇಡಿ. ಸುಣ್ಣವೂ ವಿನೆಗರ್‌ಗೆ ಗುಳ್ಳೆ ಏಳಿಸುತ್ತದೆ, ಸುಮ್ನೆ ಮೋಸ ಹೋಗುತ್ತೀರಿ.

ಈಗ ಹೊಸದನ್ನು ಹುಡುಕುವ ವಿಚಾರ. ಗೀಸರ್ ಮೈಮೇಲೆ ಅಂಟಿಸಿರುವ ಪಟ್ಟಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಮಾಡೆಲ್ ನಂಬರ್ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳುವುದು ಸುಲಭ. ಪಟ್ಟಿ ಅಳಿಸಿಹೋಗಿದ್ದರೆ ಹಳೆಯ ಕಡ್ಡಿಯೇ ಸಾಕ್ಷಿ. ಮುಖ್ಯವಾಗಿ ನೋಡಬೇಕಾದ್ದು ಬುಡದ ಮರೆ, ಅಂದರೆ ಸ್ಕ್ರೂಗೆ ಇರುವಂಥ ಸುತ್ತುಗಳು (ಥ್ರೆಡ್). ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಎಂ6 ನಟ್ (6 ಮಿಲಿಮೀಟರ್ ಬೋಲ್ಟಿನದು), ಒಂದು ಎಂ8 ನಟ್ (8 ಮಿಲಿಮೀಟರಿನದು) ತನ್ನಿ. ಮರೆಯನ್ನು ಬ್ರಷ್‌ನಿಂದ ತಿಕ್ಕಿ, ಕೈಯಿಂದಲೇ ತಿರುಗಿಸಿ. ಸುಮ್ಮನೆ ಜಾರದೆ, ಮರೆಗೆ ಕಚ್ಚಿಕೊಂಡು ತಿರುಗುತ್ತಾ ಕೊನೆಯವರೆಗೂ ತಡೆಯಿಲ್ಲದೆ ಇಳಿದದ್ದು ನಿಮ್ಮ ಅಳತೆ. ಸ್ಕೇಲ್ ಇಟ್ಟೂ ನೋಡಬಹುದು: ಮಾಮೂಲಿ ಮರೆಯಾದರೆ ಎಂ6ರಲ್ಲಿ ಹತ್ತು ಸುತ್ತಿಗೆ 10 ಮಿಲಿಮೀಟರ್, ಎಂ8ರಲ್ಲಿ ಹನ್ನೆರಡೂವರೆ. ದಪ್ಪವನ್ನು ಕಡಿಮೆ ಸವೆದ ಜಾಗದಲ್ಲಿ ಅಳೆಯಿರಿ. ಉದ್ದ ಸ್ವಲ್ಪ ಕಡಿಮೆಯಾದರೆ ಪರವಾಗಿಲ್ಲ. ಜಾಸ್ತಿಯಾಗಬಾರದು, ಕಾಯಿಲ್‌ಗಾಗಲಿ ಟ್ಯಾಂಕ್‌ನ ಗೋಡೆಗಾಗಲಿ ತಾಗಬಾರದು. ನಿಮ್ಮ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹಳೆಯದನ್ನೇ ಕಳಿಸಿ. ಬರೀ ಫೋಟೊ ನೋಡಿ ಅಂಗಡಿಯವರು ಮರೆಯ ಅಳತೆ ಹೇಳಲಾರರು.

ಹಾಕುವ ಕೆಲಸವನ್ನು ಗೊತ್ತಿರುವವರಿಂದಲೇ ಮಾಡಿಸಿ, ಆದರೆ ಪಕ್ಕದಲ್ಲಿ ನೀವು ನಿಂತಿರಿ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಬೇಕು. ನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಬೇಕು. ರಾಡ್‌ನ ಬುಡ ಕೂರುವ ಜಾಗವನ್ನು ಉಜ್ಜುಕಾಗದದಿಂದ ಹೊಳೆಯುವಂತೆ ಉಜ್ಜಿಸಿ. ಲೋಹಕ್ಕೆ ಲೋಹ ತಾಗದಿದ್ದರೆ ರಾಡ್ ಇದ್ದೂ ಇಲ್ಲದಂತೆ. ಕೆಲವು ಮಾಡೆಲ್‌ಗಳಲ್ಲಿ ಬುಡಕ್ಕೆ ಪ್ಲಾಸ್ಟಿಕ್ ಬುಷ್ (ಬಳೆಯಂಥ ತುಂಡು) ಮತ್ತು ಸಣ್ಣ ವೈರ್ ಇರುತ್ತದೆ. ಅಂಥದ್ದಾದರೆ ಹೇಗಿತ್ತೋ ಹಾಗೇ ಕೂರಿಸಲಿ, ವೈರ್ ಬಿಟ್ಟುಹೋಗಬಾರದು. ಪ್ಲೇಟಿನ ರಬ್ಬರ್ ವಾಷರ್ ಹೊಸದೇ ಇರಲಿ. ಅರ್ಥಿಂಗ್ ವೈರ್ ಸರಿಯಾಗಿ ಸಿಕ್ಕಿಸಿದ್ದಾರಾ ಅಂತ ನೋಡಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮ ಬರುವವರೆಗೂ ಕರೆಂಟ್ ಕೊಡಬಾರದು. ಟ್ಯಾಂಕ್ ತುಂಬದೆ ಹಾಕಿದರೆ ಹೊಸ ಕಾಯಿಲ್ ಸುಟ್ಟುಹೋಗುತ್ತದೆ.

ಬೋರ್‌ವೆಲ್ ನೀರು ಅಂದಿದ್ದೀರಿ. ವರ್ಷಕ್ಕೊಮ್ಮೆ ತಳ ಬಿಚ್ಚಿಸಿ ಸುಣ್ಣ ತೆಗೆಸುವಾಗ ರಾಡನ್ನೂ ನೋಡಿ. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಅಥವಾ ತಂತಿ ಕಂಡರೆ ಬದಲಿಸಿ. ಹೊಸ ರಾಡ್ ಹಾಕಿದ ಮೇಲೆ ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ಕೆಲವು ಬೋರ್‌ವೆಲ್ ನೀರಿನಲ್ಲಿರುವ ಬ್ಯಾಕ್ಟೀರಿಯಾ ಮೆಗ್ನೀಷಿಯಂ ಜೊತೆ ಸೇರಿದಾಗ ಹಾಗಾಗುತ್ತದೆ. ಅಲ್ಯೂಮಿನಿಯಂ-ಸತು ಮಿಶ್ರಲೋಹದ ರಾಡ್ ಹಾಕಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ಮಿಕ್ಸಿ ಮೋಟರ್ ತಿರುಗುವ ಶಬ್ದ ಬರುತ್ತದೆ, ಜಾರ್‌ನ ಬ್ಲೇಡ್ ತಿರುಗುವುದಿಲ್ಲ. ಜಾರ್ ಎತ್ತಿದಾಗ ಕಪ್ಪು ರಬ್ಬರ್ ಚೂರುಗಳು ಸಿಕ್ಕವು. ಕಂಪನಿಯ ಹೆಸರು ಅಳಿಸಿಹೋಗಿದೆ. ಯಾವ ಪಾರ್ಟ್ ಅಂತ ಕೇಳಲಿ?
– ಓದುಗರು, ಶಿರಸಿ

ಉತ್ತರ: ಕಪ್ಲರ್ ಅಂತ ಕೇಳಿ. ಮೋಟರಿನ ತಲೆಯ ಮೇಲೆ ಹಲ್ಲುಗಳಿರುವ ತುಂಡು ಅದು. ಚೂರುಗಳನ್ನು ಜೋಡಿಸಿ ಹಲ್ಲು ಎಣಿಸಿ, ಒಂದು ಜಾರನ್ನೂ ಅಂಗಡಿಗೆ ಒಯ್ಯಿರಿ. ಜಾರ್‌ನ ತಳದಲ್ಲಿ ಹೊಸ ಕಪ್ಲರ್ ಸಲೀಸಾಗಿ ಕೂತರೆ ಅರ್ಧ ಕೆಲಸ ಆಯಿತು. ಉಳಿದರ್ಧ ಮರೆ. ಅದಕ್ಕೆ ಹಳೆಯದರ ಬುಡ ಬೇಕು.

ಬಿಚ್ಚುವಾಗ ಬಹಳ ಮಂದಿ ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿ ಮಾಡುತ್ತಾರೆ. ಮೋಟರ್ ಯಾವ ಕಡೆ ತಿರುಗುತ್ತದೋ ಕಪ್ಲರನ್ನೂ ಅದೇ ಕಡೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ತಾನಾಗಿ ಬಿಗಿಯಾಗಲಿ ಅಂತ ಮರೆಯನ್ನು ಹಾಗೆ ಮಾಡಿರುತ್ತಾರೆ. ಪ್ಲಗ್ ಕಿತ್ತಿಟ್ಟು, ಮಿಕ್ಸಿ ಮಗುಚಿ ತಳದ ಮುಚ್ಚಳ ತೆಗೆಯಿರಿ. ಮೋಟರಿನ ತಿರುಗುವ ಕಂಬಿಯ, ಅಂದರೆ ಶಾಫ್ಟ್‌ನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇದ್ದರೆ ಅದನ್ನು ಹಿಡಿದುಕೊಂಡು ಮೇಲೆ ಬಿಚ್ಚಿ.

ಹೊಸದು ಹಾಕುವ ಮೊದಲು ಶಾಫ್ಟನ್ನು ಬೆರಳಿನಿಂದ ಆಚೀಚೆ ಅಲ್ಲಾಡಿಸಿ ನೋಡಿ. ಕಟಕಟ ಎಂದು ಅಲುಗಿದರೆ ಒಳಗಿನ ಬುಷ್ ಸವೆದಿದೆ. ಜಾರ್‌ನ ಬ್ಲೇಡ್ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ಅಂತಲೂ ನೋಡಿ. ಅಲ್ಲಿ ಬಿಗಿ ಹಿಡಿದಿದ್ದರೆ ಹೊಸ ಕಪ್ಲರಿನ ಹಲ್ಲೂ ಹೀಗೇ ಉದುರುತ್ತದೆ. ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಕಪ್ಲರ್ ಕೊಳ್ಳಿ.