ಚಂದ್ರಗಿರಿ ಹೊಳೆ ಬದಿಯಲ್ಲಿ ಹಕ್ಕಿ ನೋಡಲು ಬೈನಾಕ್ಯುಲರ್ ಬೇಕೇ ಬೇಕಾ?

ಕಾಸರಗೋಡಿಗೆ ಹೊಸದಾಗಿ ಬಂದಿದ್ದೀರಿ, ದಿನಾ ಬೆಳಿಗ್ಗೆ 7ಕ್ಕೆ ಹೊಳೆ ಬದಿ ವಾಕಿಂಗ್ ಹೋಗುತ್ತೀರಿ, ಆದರೆ ಕೆಲವು ದಿನ ಕಾಗೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದಿದ್ದೀರಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದೇ, ಆದರೆ ನಿಮ್ಮ ತೊಂದರೆ ಅದಲ್ಲ. ನೀವು ಗಡಿಯಾರ ನೋಡಿ ಹೊರಡುತ್ತಿದ್ದೀರಿ. ಇಲ್ಲಿ ನೀರು ನೋಡಿ ಹೊರಡಬೇಕು.

ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಬರುವ ಈ ಹೊಳೆ ತಳಂಗರೆ ಹತ್ತಿರ ಕಡಲು ಸೇರುತ್ತದೆ. ಹಾಗಾಗಿ ಸೇತುವೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಚೆನ್ನಾಗಿ ಗೊತ್ತಾಗುತ್ತದೆ. ಉಬ್ಬರದಲ್ಲಿ ದಡದವರೆಗೂ ನೀರು, ಹಕ್ಕಿಗೆ ಕಾಲೂರಲು ಜಾಗ ಇಲ್ಲ. ನೀರು ಇಳಿದು ಕೆಸರು ಕಂಡಿತೋ, ಏಡಿ, ಹುಳ ಹುಡುಕಿಕೊಂಡು ಬರುತ್ತವೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ವಾರ ಬೆಳಿಗ್ಗೆ 7ಕ್ಕೆ ಕೆಸರು ಕಂಡರೆ ಮುಂದಿನ ವಾರ ಅದೇ ಹೊತ್ತಿಗೆ ತುಂಬಿದ ಹೊಳೆ. ಮೊಬೈಲಲ್ಲಿ ವೇಳೆ ಸಿಗುತ್ತದೆ. ನಾನಂತೂ ದೋಣಿಯವರನ್ನೇ ಕೇಳುವುದು.

ಇನ್ನೊಂದು, ನಡೆಯುವುದು ಕಡಿಮೆ ಮಾಡಿ. ಒಂದು ಕಡೆ ಸುಮ್ನೆ ಇಪ್ಪತ್ತು ನಿಮಿಷ ಕೂತುಬಿಡಿ. ಕೊಳದ ಬಕ ಕೆಸರಿನ ಬಣ್ಣದಲ್ಲೇ ಮುದುರಿ ನಿಂತಿರುತ್ತದೆ. ನೀವು ತೀರಾ ಹತ್ತಿರ ಹೋದಾಗ ಬೆಳ್ಳಗಿನ ರೆಕ್ಕೆ ಬಿಚ್ಚಿ ಹಾರುತ್ತದೆ, 'ಅರೆ, ಇದು ಇಲ್ಲೇ ಇತ್ತಾ' ಅನಿಸುತ್ತದೆ. ನೀರುಕಾಗೆ ಮುಳುಗೆದ್ದು ಬಂದು ಗೂಟದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ದಡದಲ್ಲಿ ಒಂದು ಪುಟ್ಟ ಕಂದು ಹಕ್ಕಿ ಒಂದೇ ಸಮನೆ ಬಾಲ ಕುಣಿಸುತ್ತಾ ಓಡಾಡುತ್ತಿದ್ದರೆ, ಅದು ಚಳಿಗಾಲಕ್ಕೆ ಉತ್ತರದಿಂದ ಬಂದ ಅತಿಥಿ, ಗದ್ದೆಗೊರವದ ಜಾತಿಯದು. ಮಿಂಚುಳ್ಳಿಯನ್ನು ಇಲ್ಲಿ ಮಲಯಾಳದಲ್ಲಿ ಪೊನ್ಮಾನ್ ಅನ್ನುತ್ತಾರೆ. ಆ ಹೆಸರು ಹೇಳಿ ಕೇಳಿದರೆ ದಡದ ಮಕ್ಕಳೇ ಕೈ ಮಾಡಿ ತೋರಿಸುತ್ತಾರೆ.

ನನ್ನ ಒಂದು ಪೆದ್ದುತನವನ್ನೂ ಹೇಳುತ್ತೇನೆ. ತುಂಬಾ ದಿನ ಒಂದು ಕಂದು ಹಕ್ಕಿಯನ್ನು ಹದ್ದು ಅಂತಲೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಗರುಡನ ಮರಿ. ಬೆಳೆದ ಗರುಡಕ್ಕೆ ತಲೆ, ಎದೆ ಬಿಳಿ, ಮೈ ಇಟ್ಟಿಗೆ ಬಣ್ಣ. ಮರಿಗೆ ಅದ್ಯಾವುದೂ ಇರುವುದಿಲ್ಲ. ಬಾಲ ನೋಡಿ: ಹದ್ದಿನದು ಕವಲೊಡೆದಿರುತ್ತದೆ, ಗರುಡದ್ದು ದುಂಡಗೆ.

ಇವೆರಡಕ್ಕಿಂತ ದೊಡ್ಡದು ಬಿಳಿ ಹೊಟ್ಟೆಯ ಕಡಲ ಹದ್ದು. ಇದೇ ಕಾಸರಗೋಡು ಜಿಲ್ಲೆಯ ಅಧಿಕೃತ ಹಕ್ಕಿ. ತೇಲುವಾಗ ರೆಕ್ಕೆ ಸ್ವಲ್ಪ ಮೇಲಕ್ಕೆತ್ತಿ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಹಿಡಿದಿರುತ್ತದೆ. ಇದಕ್ಕೆ ದಡಕ್ಕಿಂತ ಚಂದ್ರಗಿರಿ ಕೋಟೆಯೇ ಒಳ್ಳೆಯ ಜಾಗ. ಶಿವಪ್ಪನಾಯಕನ ಕಾಲದ ಮುರಕಲ್ಲಿನ ಕೋಟೆ, ಮೇಲಿಂದ ಹೊಳೆಯೂ ಕಡಲೂ ಕಾಣುತ್ತವೆ. ಆದರೂ ಇದು ದಿನಾ ಸಿಗುವ ಹಕ್ಕಿಯಲ್ಲ. ನಾನೇ ಎಷ್ಟೋ ಸಲ ಸುಮ್ಮನೆ ಗೋಡೆ ಮೇಲೆ ಕೂತು ಬಂದಿದ್ದೇನೆ.

ವಲಸೆ ಹಕ್ಕಿ ಬೇಕಾದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜಾಸ್ತಿ. ಒಳ್ಳೆಯ ಫೋಟೋದ ಆಸೆಗೆ ಕೆಸರಿಗೆ ಇಳಿಯಬೇಡಿ. ನನ್ನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ.