‘ಮಿರರ್’ ಅರ್ಥವಾಗಲಿಲ್ಲ, ಆದರೂ ಇಷ್ಟವಾಯಿತು ಅನ್ನಬಹುದಾ?

ರಷ್ಯಾದ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿಯವರ ‘ಮಿರರ್’ ಸಿನಿಮಾ ನೋಡಿದ್ದೀರಿ, ಕಥೆಯ ತಲೆಬುಡ ತಿಳಿಯಲಿಲ್ಲ, ಆದರೂ ಅದು ಮನಸ್ಸಿನಿಂದ ಹೋಗುತ್ತಿಲ್ಲ. ಇಷ್ಟವಾಯಿತು ಅಂತ ನಾಲ್ಕು ಜನರ ಮುಂದೆ ಹೇಳಿದರೆ ಅದು ಸುಳ್ಳಾಗುತ್ತದಾ ಅಂತ ಕೇಳಿದ್ದೀರಿ.

ಖಂಡಿತ ಇಲ್ಲ. ಧೈರ್ಯವಾಗಿ ಹೇಳಿ. ಬೇಂದ್ರೆಯವರ ‘ನಾಕುತಂತಿ’ಯನ್ನು ಗುನುಗುತ್ತಾ ಓಡಾಡುವವರಲ್ಲಿ ಎಷ್ಟು ಜನ ಸಾಲು ಸಾಲಿಗೂ ಅರ್ಥ ಹೇಳಬಲ್ಲರು? ಅವರಿಗೆ ಆ ಪದ್ಯ ನಿಜವಾಗಿ ಇಷ್ಟವಿಲ್ಲ ಅಂತ ಯಾರೂ ಅನ್ನುವುದಿಲ್ಲ ಅಲ್ವಾ? ಸಿನಿಮಾಗೆ ಮಾತ್ರ ಬೇರೆ ಕಾನೂನು ಯಾಕೆ?

ಆದರೆ ಅರ್ಥವಾಗದೇ ಇರುವುದರಲ್ಲೂ ಎರಡು ಬಗೆ ಇದೆ. ಒಂದು, ಯಾರಾದರೂ ಒಂದು ವಿಷಯ ತಿಳಿಸಿದರೆ ಸರಿಹೋಗುವಂಥದ್ದು. ಇನ್ನೊಂದು, ಯಾರು ಏನು ಹೇಳಿದರೂ ಹಾಗೇ ಉಳಿಯುವಂಥದ್ದು. ಮೊದಲನೆಯದಕ್ಕೆ ಸುಮ್ನೆ ಒದ್ದಾಡಬೇಡಿ, ಕೇಳಿ ತಿಳಿದುಕೊಳ್ಳಿ.

‘ಮಿರರ್’ನಲ್ಲಿ ಆ ಮೊದಲನೇ ಬಗೆ ಜಾಸ್ತಿಯೇ ಇದೆ. ನಾಯಕನ ತಾಯಿ ಮತ್ತು ಅವನಿಂದ ದೂರವಾದ ಹೆಂಡತಿ, ಎರಡೂ ಪಾತ್ರ ಮಾಡಿರುವುದು ಒಬ್ಬರೇ ನಟಿ, ಮಾರ್ಗರೀಟಾ ತೆರೆಖೋವಾ. ಹನ್ನೆರಡರ ವಯಸ್ಸಿನ ನಾಯಕ ಮತ್ತು ಅವನ ಮಗ ಇಗ್ನಾತ್ ಕೂಡ ಒಬ್ಬನೇ ಹುಡುಗ. ಇದು ಗೊತ್ತಿಲ್ಲದೆ ನೋಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ನಡುನಡುವೆ ಕವಿತೆ ಓದುವ ಗಂಡಸಿನ ದನಿ ನಿರ್ದೇಶಕರ ತಂದೆಯದು. ಅವರು ಅರ್ಸೇನಿ ತಾರ್ಕೋವ್‌ಸ್ಕಿ, ದೊಡ್ಡ ಕವಿ, ಓದುವುದು ತಮ್ಮದೇ ಕವಿತೆ. ಮುದುಕಿಯಾಗಿ ಬರುವವರು ನಿರ್ದೇಶಕರ ಸ್ವಂತ ತಾಯಿ. ಮಳೆಯಲ್ಲಿ ನೆನೆಯುತ್ತಾ ನಾಯಕನ ತಾಯಿ ತಾನು ಕೆಲಸ ಮಾಡುವ ಪ್ರೆಸ್ಸಿಗೆ ಓಡುತ್ತಾಳಲ್ಲ, ಒಂದು ಅಚ್ಚಿನ ತಪ್ಪು ಕಣ್ತಪ್ಪಿ ಹೋಯಿತೇನೋ ಅಂತ? ಅದು ಸ್ಟಾಲಿನ್ ಕಾಲ. ಒಂದು ತಪ್ಪು ಪದ ಒಬ್ಬರ ಬದುಕನ್ನೇ ಮುಗಿಸಿಬಿಡಬಹುದಿತ್ತು. ಕೆಸರು ನೀರಿನಲ್ಲಿ ಕಾಲೆಳೆಯುತ್ತಾ ಸೈನಿಕರು ನಡೆಯುವ ಭಾಗ ನಟನೆಯಲ್ಲ, ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಸೋವಿಯತ್ ಸೇನೆ ಕ್ರೈಮಿಯಾ ಪಕ್ಕದ ಸಿವಾಶ್ ಎಂಬ ಆಳವಿಲ್ಲದ ಕೆಸರು ಹಿನ್ನೀರನ್ನು ದಾಟುವಾಗ ತೆಗೆದ ನಿಜವಾದ ಚಿತ್ರ. ಅದನ್ನು ತೆಗೆದ ಕ್ಯಾಮೆರಾಮನ್ ಅದೇ ದಿನ ಸತ್ತ ಅಂತ ತಾರ್ಕೋವ್‌ಸ್ಕಿ ಬರೆದಿದ್ದಾರೆ.

ಇಷ್ಟು ಗೊತ್ತಿದ್ದರೆ ಸಾಕು. ಇದರಾಚೆ ‘ಸಂಪೂರ್ಣ ವಿವರಣೆ’ ಅಂತ ಬರುವ ವಿಡಿಯೋಗಳನ್ನು ಸದ್ಯಕ್ಕೆ ನೋಡಬೇಡಿ.

ಯಾಕೆ ಅಂದರೆ, ಎರಡನೇ ಬಗೆಯದೂ ಇದೆ, ನನಗೆ ಆ ಸಿನಿಮಾ ಅಂದರೆ ಅದೇ. ಇಗ್ನಾತ್ ಮನೆಯಲ್ಲಿ ಒಬ್ಬನೇ ಇದ್ದಾನೆ. ಅಲ್ಲಿ ಇದ್ದಕ್ಕಿದ್ದಂತೆ ಒಬ್ಬ ಹೆಂಗಸು ಟೀ ಕಪ್ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಒಂದು ಪುಸ್ತಕ ತೆಗೆದು ಓದು ಅನ್ನುತ್ತಾಳೆ, ಅವನು ರಷ್ಯನ್ ಕವಿ ಪುಷ್ಕಿನ್ ಬರೆದ ಪತ್ರವೊಂದನ್ನು ಓದುತ್ತಾನೆ. ಬಾಗಿಲ ಗಂಟೆ ಬಾರಿಸುತ್ತದೆ. ಹೋಗಿ ನೋಡಿದರೆ ಒಬ್ಬ ಮುದುಕಿ, ಮನೆ ತಪ್ಪಾಯಿತು ಅಂತ ಹೇಳಿ ಹೊರಟುಹೋಗುತ್ತಾಳೆ. ವಾಪಸ್ ಬಂದರೆ ಹೆಂಗಸೂ ಇಲ್ಲ, ಕಪ್ಪೂ ಇಲ್ಲ. ಮೇಜಿನ ನುಣುಪಾದ ಮರದ ಮೇಲೆ ಬಿಸಿ ಟೀ ಕಪ್ ಬಿಟ್ಟ ಆವಿಯ ಗುರುತು ಮಾತ್ರ ಇದೆ, ಅದೂ ಅಂಚಿನಿಂದ ಸಣ್ಣದಾಗುತ್ತಾ ಆಗುತ್ತಾ ನಮ್ಮ ಕಣ್ಣೆದುರೇ ಆರಿಹೋಗುತ್ತದೆ. ಅವಳು ಯಾರು? ದೆವ್ವವಾ, ನೆನಪಾ? ಸಿನಿಮಾ ಹೇಳುವುದಿಲ್ಲ. ಆದರೆ ಆ ಗುರುತು ಆರುವಾಗ ಎದೆಯಲ್ಲಿ ಏನೋ ಆಗುತ್ತದೆ. ಯಾರೋ ಇಲ್ಲೇ ಇದ್ದರು, ಈಗ ಇಲ್ಲ. ಅಷ್ಟು ತಿಳಿಯಿತಲ್ಲ, ಅದಕ್ಕಿಂತ ಜಾಸ್ತಿ ತಿಳಿಯಬೇಕಾದ್ದು ಆ ದೃಶ್ಯದಲ್ಲಿ ಏನಾದರೂ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಅರ್ಥವಾಗದ್ದೆಲ್ಲ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಸುಮ್ಮನೆ ಗೊಂದಲ ಮಾಡಿ ಕಲೆ ಅನ್ನುವವರೂ ಇದ್ದಾರೆ. ನಾನು ನೋಡುವುದು ಮಾಡಿದವರಿಗೆ ಎಷ್ಟು ಶ್ರದ್ಧೆ ಇತ್ತು ಅಂತ. ಈ ಚಿತ್ರಕ್ಕಾಗಿ ತಾರ್ಕೋವ್‌ಸ್ಕಿ ಬಾಲ್ಯದ ಮನೆಯನ್ನು ಹಳೇ ಅಡಿಪಾಯದ ಮೇಲೆಯೇ ಮತ್ತೆ ಕಟ್ಟಿಸಿದರು. ಮನೆ ಮುಂದಿನ ಹೊಲದಲ್ಲಿ ಬಕ್‌ವೀಟ್ ಬೆಳೆಯ ಬಿಳಿ ಹೂ ಇದ್ದದ್ದು ಅವರಿಗೆ ನೆನಪಿತ್ತು. ಇಲ್ಲಿ ಅದು ಬೆಳೆಯುವುದೇ ಇಲ್ಲ ಅಂತ ಅಲ್ಲಿನ ರೈತರು ಹೇಳಿದರೂ ಹೊಲ ಬಾಡಿಗೆಗೆ ಹಿಡಿದು ಬಿತ್ತಿಸಿದರು, ಬೆಳೆಯಿತು. ಹೀಗೆ ಮಾಡಿದ ಮನುಷ್ಯ ನಮ್ಮನ್ನು ಏಮಾರಿಸಲು ಹೊರಟಿಲ್ಲ ಅಂತ ನಂಬಬಹುದು. 1975ರಲ್ಲಿ ಚಿತ್ರ ಬಂದಾಗ ಸೋವಿಯತ್ ಅಧಿಕಾರಿಗಳು ಅದನ್ನು ಕೆಲವೇ ಚಿತ್ರಮಂದಿರಗಳಿಗೆ ಬಿಟ್ಟರು. ನೋಡಿದವರಲ್ಲಿ ಕೆಲವರು ಒಂದಿಷ್ಟೂ ಅರ್ಥವಾಗಲಿಲ್ಲ ಅಂತ ನಿರ್ದೇಶಕರಿಗೆ ಸಿಟ್ಟಿನ ಕಾಗದ ಬರೆದರು. ಇದು ನನ್ನದೇ ಬಾಲ್ಯ, ನಿಮಗೆ ಹೇಗೆ ಗೊತ್ತಾಯಿತು ಅಂತ ಬರೆದವರೂ ಇದ್ದರು.

ಇನ್ನೊಮ್ಮೆ ನೋಡುವಾಗ ಯಾವುದು ಕನಸು, ಯಾವುದು ನಿಜ ಅಂತ ಲೆಕ್ಕ ಇಡಬೇಡಿ. ಗಾಳಿ, ಬೆಂಕಿ, ಸೋರುವ ನೀರು, ಇವು ಬಂದಾಗಲೆಲ್ಲ ಗಮನ ಕೊಡಿ. ಫೋನ್ ಬೇರೆ ಕೋಣೆಯಲ್ಲಿರಲಿ, ಪೂರ್ತಿ ಎರಡು ಗಂಟೆಯೂ ಇಲ್ಲದ ಚಿತ್ರ. ಅದಕ್ಕೂ ಮೊದಲು ಅವರದೇ 1962ರ ‘ಇವಾನ್ಸ್ ಚೈಲ್ಡ್‌ಹುಡ್’ ನೋಡಿದರೆ ಇನ್ನೂ ಒಳ್ಳೆಯದು. ಯುದ್ಧದಲ್ಲಿ ಸಿಕ್ಕಿದ ಹುಡುಗನ ಕಥೆ, ಕಥೆ ನೇರವಾಗಿಯೇ ಸಾಗುತ್ತದೆ. ಅವನ ಕನಸುಗಳಲ್ಲಿ ತಾಯಿ ಬರುವ ರೀತಿ ನೋಡಿಟ್ಟುಕೊಂಡರೆ ‘ಮಿರರ್’ನ ದಾರಿ ಅರ್ಧ ಪರಿಚಯವಾದ ಹಾಗೆ.